ಅಲರ್ಜಿಗೆ ಎರಡು ಸೂಜಿ

ಇವತ್ತು ರಾಜಕೀಯ ಬೇಡ. ಯಾರು ಯಾರಿಗೆ ಏನಂದ್ರು, ಯಾರು ಯಾರ ಮನೆಗೆ ಊಟಕ್ಕೆ ಹೋದ್ರು ಅನ್ನೋದನ್ನ ಒಂಬತ್ತು ಗಂಟೆ ಬುಲೆಟಿನ್ನಿನಲ್ಲಿ ನೋಡೋಣ. ಇವತ್ತು ನಾನೊಂದು ತಪ್ಪು ತಿದ್ದಿಕೊಳ್ಳಬೇಕು. ನನ್ನದೇ ತಪ್ಪು.

ಹೋದ ವಾರ ನಮ್ಮ ಆರೋಗ್ಯ ಕಾರ್ಯಕ್ರಮದಲ್ಲಿ ಅಲರ್ಜಿಯ ಬಗ್ಗೆ ಮಾತಾಡಿದ್ವಿ. ಬಂದಿದ್ದ ವೈದ್ಯರು ಸರಿಯಾಗಿಯೇ ಹೇಳಿದರು. ತಪ್ಪಾಗಿದ್ದು ಪರದೆಯ ಕೆಳಗೆ. ಅಲ್ಲಿ ಕೆಂಪು ಪಟ್ಟಿಯಲ್ಲಿ ನಾವು ಓಡಿಸಿದ್ದೇನು ಗೊತ್ತಾ? ‘ಬಂತು ಹೊಸ ಸೂಜಿ, ಅಲರ್ಜಿ ಮಂಗಮಾಯ!’ ಆ ಸೂಜಿ ಹೊಸದೂ ಅಲ್ಲ, ಅದರಿಂದ ಏನೂ ಮಂಗಮಾಯ ಆಗೋದೂ ಇಲ್ಲ. ಒಂದೇ ಸಾಲಿನಲ್ಲಿ ಎರಡು ಸುಳ್ಳು. ಅದನ್ನ ನಾನು ಓದಿಯೇ ಸರಿ ಅಂದಿದ್ದೆ.

ಮಾರನೇ ದಿನ ಒಂದು ಫೋನು. ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿಯಿಂದ. ಒಬ್ಬ ರೈತರು. ಅವರ ಹನ್ನೆರಡು ವರ್ಷದ ಮಗಳಿಗೆ ಬೆಳಗ್ಗೆ ಎದ್ದರೆ ಇಪ್ಪತ್ತು ಸೀನು, ಮೂಗಲ್ಲಿ ನೀರು, ಕಣ್ಣು ಉಜ್ಜಿ ಉಜ್ಜಿ ಕೆಂಪು. ಈ ವರ್ಷದಿಂದ ರಾತ್ರಿ ಎದೆ ಸುಯ್‌ಗುಟ್ಟೋದೂ ಶುರುವಾಗಿದೆ. ಅವರು ಕೇಳಿದ್ದನ್ನ ಅವರ ಮಾತಲ್ಲೇ ಹೇಳ್ತೀನಿ. ‘ಸಾರ್, ತುಮಕೂರಿನ ಡಾಕ್ಟ್ರು ಅಲರ್ಜಿಗೆ ಮೂರು ವರ್ಷ ಸೂಜಿ ಹಾಕಿಸ್ಬೇಕು ಅಂತ ಹೇಳವ್ರೆ. ಇಲ್ಲಿ ನಮ್ ಕಡೆ ಒಂದು ಸೂಜಿ ಹಾಕ್ತಾರೆ, ಇನ್ನೂರು ರೂಪಾಯಿ, ಎರಡು ತಿಂಗಳು ಹುಡುಗಿ ಆರಾಮಾಗಿರ್ತಾಳೆ. ನೀವು ಟೀವಿಲಿ ಮಂಗಮಾಯ ಅಂತೀರಿ. ಈ ಮೂರರಲ್ಲಿ ಯಾವ್ದು ಸಾರ್ ನಿಜ?’

ನನ್ನ ಬಾಯಲ್ಲಿ ಉತ್ತರ ಇರಲಿಲ್ಲ. ಸ್ವಲ್ಪ ಓದಿ, ತಿಳಿದವರನ್ನ ಕೇಳಿ ಹೇಳ್ತೀನಿ ಅಂದೆ. ಅದಕ್ಕೇ ಇವತ್ತು ಈ ಮಾತು.

ಮೊದಲು ಆ ಇನ್ನೂರು ರೂಪಾಯಿ ಸೂಜಿಯ ವಿಷಯ ಮುಗಿಸಿಬಿಡೋಣ. ಒಂದೇ ಸೂಜಿಗೆ ಎರಡು ತಿಂಗಳು ಸೀನು ನಿಲ್ಲುತ್ತೆ ಅಂದ್ರೆ ಅದು ಬಹುಪಾಲು ಸ್ಟಿರಾಯ್ಡ್. ನಿಧಾನವಾಗಿ ರಕ್ತಕ್ಕೆ ಇಳಿಯುವಂಥ ಸ್ಟಿರಾಯ್ಡ್. ಅದು ಕೆಲಸ ಮಾಡುತ್ತಾ? ಮಾಡುತ್ತೆ, ಜೋರಾಗಿಯೇ ಮಾಡುತ್ತೆ. ಪ್ರಾಣ ಹೋಗುವ ಹೊತ್ತಿನಲ್ಲಿ ಸ್ಟಿರಾಯ್ಡ್ ಪ್ರಾಣ ಉಳಿಸಿದ್ದೂ ಉಂಟು. ಆದರೆ ಮೂಗಿನ ಸೀನಿಗೆ ವರ್ಷಕ್ಕೆ ಐದಾರು ಸಲ ಮೈಯಿಗೆಲ್ಲಾ ಸ್ಟಿರಾಯ್ಡ್ ಇಳಿಸಿದರೆ ಮುಖ ಊದುತ್ತೆ, ಸಕ್ಕರೆ ಏರುತ್ತೆ, ಮೂಳೆ ಸವೆಯುತ್ತೆ, ಬೆಳೆಯೋ ಮಕ್ಕಳ ಎತ್ತರ ಕುಂಠಿತ ಆಗುತ್ತೆ. ಮತ್ತೆ ರೋಗ? ಎಲ್ಲಿತ್ತೋ ಅಲ್ಲೇ. ಇಲ್ಲಿ ಒಂದು ಮಾತು. ಮೂಗಿಗೆ ಹೊಡೆದುಕೊಳ್ಳುವ ಸ್ಪ್ರೇ, ಆಸ್ತಮಾದವರು ಎಳೆದುಕೊಳ್ಳುವ ಇನ್‌ಹೇಲರ್ ಇದೆಯಲ್ಲ, ಅದರಲ್ಲೂ ಸ್ಟಿರಾಯ್ಡ್ ಇರುತ್ತೆ. ಆದರೆ ಅಳತೆ ತೀರಾ ಕಡಿಮೆ, ಹೋಗೋದು ಬೇಕಾದ ಜಾಗಕ್ಕೆ ಮಾತ್ರ. ನನ್ನ ಮಾತು ಕೇಳಿ ಯಾರೂ ಅದನ್ನ ನಿಲ್ಲಿಸಬೇಡಿ. ದೂರುತ್ತಿರೋದು ಸೂಜಿಯನ್ನ, ಸ್ಪ್ರೇಯನ್ನಲ್ಲ.

ಇನ್ನು ತುಮಕೂರಿನ ವೈದ್ಯರು ಹೇಳಿದ ಮೂರು ವರ್ಷದ ಸೂಜಿ. ಇಮ್ಯುನೋಥೆರಪಿ ಅಂತ ಅದರ ಹೆಸರು. ಕ್ಯಾನ್ಸರಿಗೂ ಇದೇ ಹೆಸರಿನ ಚಿಕಿತ್ಸೆ ಇದೆ, ಅದು ಬೇರೆ, ಗಾಬರಿ ಬೀಳಬೇಡಿ. ಅಲರ್ಜಿಯ ಇಮ್ಯುನೋಥೆರಪಿ ಅಂದ್ರೆ ನಿಮಗೆ ಯಾವುದು ಆಗಿಬರಲ್ಲವೋ ಅದನ್ನೇ ನಿಮಗೆ ಕೊಡೋದು. ಹೌದು, ಅದನ್ನೇ. ಮೊದಲು ಲೆಕ್ಕಕ್ಕೇ ಸಿಗದಷ್ಟು, ಆಮೇಲೆ ಸ್ವಲ್ಪ ಜಾಸ್ತಿ, ಆಮೇಲೆ ಇನ್ನೂ ಸ್ವಲ್ಪ. ಹೊಸ ನಾಯಿ ತಂದವರಿಗೆ ಇದು ಗೊತ್ತಿರುತ್ತೆ. ಮೊದಲ ದಿನ ಪೋಸ್ಟ್‌ಮ್ಯಾನ್ ಬಂದ್ರೆ ಸರಪಳಿ ಕಿತ್ತುಕೊಂಡು ಬರುತ್ತೆ. ದಿನಾ ಅದೇ ಮನುಷ್ಯ, ಅದೇ ಸೈಕಲ್ಲು ನೋಡಿ ನೋಡಿ ಆರು ತಿಂಗಳಿಗೆ ಬಾಲ ಅಲ್ಲಾಡಿಸುತ್ತೆ. ಅಲರ್ಜಿ ಅಂದ್ರೆ ನಮ್ಮ ಮೈಯ ಕಾವಲು ನಾಯಿ ಪೋಸ್ಟ್‌ಮ್ಯಾನನ್ನ ಕಳ್ಳ ಅಂದುಕೊಂಡಿದ್ದು, ಅಷ್ಟೇ.

ಒಳಗೆ ಏನಾಗುತ್ತೆ? ಹೂವಿನ ಪರಾಗವೋ, ಧೂಳಿನ ನುಸಿಯೋ ಮೂಗಿಗೆ ಹೋದಾಗ ಕೆಲವರ ಮೈ ಅದನ್ನ ಶತ್ರು ಅಂತ ತಿಳಿದು ಐಜಿಇ ಅನ್ನೋ ಆ್ಯಂಟಿಬಾಡಿ ತಯಾರಿಸುತ್ತೆ. ಆ ಐಜಿಇ ಹೋಗಿ ಮಾಸ್ಟ್ ಕೋಶಗಳ ಮೇಲೆ ಕೂತುಕೊಳ್ಳುತ್ತೆ. ಮುಂದಿನ ಸಲ ಅದೇ ಪರಾಗ ಬಂದು ಅದಕ್ಕೆ ತಾಗಿದರೆ ಕೋಶ ಒಡೆದಂತಾಗಿ ಹಿಸ್ಟಮಿನ್ ಹೊರಗೆ ಬೀಳುತ್ತೆ. ಸೀನು, ನೀರು, ತುರಿಕೆ ಎಲ್ಲ ಅದರದೇ. ಸೀನಿನ ಮಾತ್ರೆ ಆ ಹಿಸ್ಟಮಿನ್ನಿಗೆ ಅಡ್ಡ ನಿಲ್ಲುತ್ತೆ. ಮಾತ್ರೆ ಇಳಿದ ಮೇಲೆ ಮತ್ತೆ ಶುರು. ಇಮ್ಯುನೋಥೆರಪಿ ಹಾಗಲ್ಲ. ಅದು ಇನ್ನೂ ಹಿಂದಕ್ಕೆ ಹೋಗಿ, ‘ಇದು ಶತ್ರು ಅಲ್ಲ’ ಅಂತ ತಡೆಯುವ ಕೋಶಗಳನ್ನ ಬೆಳೆಸುತ್ತೆ. ಐಜಿಜಿ4 ಅನ್ನೋ ಇನ್ನೊಂದು ಆ್ಯಂಟಿಬಾಡಿ ಹುಟ್ಟಿ, ಪರಾಗ ಬಂದು ಐಜಿಇಗೆ ತಾಗೋದಕ್ಕೆ ಮುಂಚೆ ತಾನೇ ಅಡ್ಡ ಬರುತ್ತೆ. ರೋಗದ ನಡೆಯನ್ನೇ ಬದಲಿಸುವ ಅಲರ್ಜಿ ಚಿಕಿತ್ಸೆ ಸದ್ಯಕ್ಕೆ ಇದೊಂದೇ ಅನ್ನೋದು ಇದಕ್ಕೇ. ಮೂರರಿಂದ ಐದು ವರ್ಷ ಪೂರ್ತಿ ತಗೊಂಡವರಿಗೆ ನಿಲ್ಲಿಸಿದ ಮೇಲೂ ಕೆಲವು ವರ್ಷ ಗುಣ ಉಳಿಯುತ್ತೆ. ಹುಲ್ಲಿನ ಪರಾಗದ ಬಗ್ಗೆ ಲಂಡನ್ನಿನಲ್ಲಿ ಮಾಡಿದ ಅಧ್ಯಯನ 1999ರಲ್ಲಿ ಪ್ರಕಟವಾಗಿದೆ. ಮೂರು ನಾಲ್ಕು ವರ್ಷ ಸೂಜಿ ತಗೊಂಡು ಬಿಟ್ಟವರು ಆಮೇಲಿನ ಮೂರು ವರ್ಷವೂ ಚೆನ್ನಾಗಿದ್ದರು.

ಹೊಸ ಸೂಜಿ ಅಂದೆವಲ್ಲ, ಅದರ ವಯಸ್ಸು ಕೇಳಿ. 1911. ಲಂಡನ್ನಿನ ಸೇಂಟ್ ಮೇರಿಸ್ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ನೂನ್ ಅನ್ನೋ ವೈದ್ಯ ಹುಲ್ಲಿನ ಪರಾಗವನ್ನ ನೀರಿನಲ್ಲಿ ಇಳಿಸಿ, ಆ ಸಾರವನ್ನ ಅಳತೆ ಮಾಡಿ, ಸೀನುವವರಿಗೆ ಚುಚ್ಚಿದ. ಎಷ್ಟು ಗುಣವಾಯ್ತು ಅಂತ ನೋಡೋಕೆ ರೋಗಿಯ ಕಣ್ಣಿಗೆ ಒಂದು ಹನಿ ಬಿಟ್ಟು ಕೆಂಪಾಗುತ್ತಾ ಅಂತ ಕಾಯ್ತಿದ್ದ. ಪಾಪ, ಎರಡೇ ವರ್ಷಕ್ಕೆ ಕ್ಷಯರೋಗದಿಂದ ತೀರಿಕೊಂಡ. ಕೆಲಸ ಮುಂದುವರಿಸಿದವನು ಅವನ ಜೊತೆಗಾರ ಜಾನ್ ಫ್ರೀಮನ್. ತಮಾಷೆ ಏನಂದ್ರೆ ಪರಾಗದಲ್ಲಿ ಏನೋ ವಿಷ ಇದೆ, ತಾನು ಆ ವಿಷಕ್ಕೆ ಲಸಿಕೆ ಕೊಡ್ತಿದ್ದೀನಿ ಅಂತ ನೂನ್ ತಿಳಿದಿದ್ದ. ಆ ತಿಳಿವಳಿಕೆ ಪೂರ್ತಿ ತಪ್ಪು. ಔಷಧ ಮಾತ್ರ ಸರಿ! ಐಜಿಇ ಅಂತ ಒಂದಿದೆ ಅನ್ನೋದು ಜಗತ್ತಿಗೆ ಗೊತ್ತಾಗಿದ್ದೇ 1966-67ರಲ್ಲಿ. ಅಂದ್ರೆ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಯಾಕೆ ಗುಣವಾಗ್ತಿದೆ ಅಂತ ಗೊತ್ತಿಲ್ಲದೆಯೇ ಗುಣ ಮಾಡ್ತಿದ್ದರು.

ಆದರೆ ಗುಣ ಮಾತ್ರ ಅಲ್ಲ, ಸಾವೂ ಆಯ್ತು. ಅದನ್ನ ಹೇಳದಿದ್ದರೆ ನಾನು ಮತ್ತೆ ಕೆಂಪು ಪಟ್ಟಿಯವನೇ ಆಗ್ತೀನಿ. 1986ರಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಲೆಕ್ಕ ತೆಗೆದಾಗ, 1957ರಿಂದ ಅಲ್ಲಿವರೆಗೆ ಈ ಸೂಜಿಗೆ 26 ಮಂದಿ ಸತ್ತಿದ್ದರು. ಆಗಿಬರದ ವಸ್ತುವನ್ನೇ ಚುಚ್ಚೋದಲ್ವಾ, ಅಳತೆ ತಪ್ಪಿದರೆ, ಮೈ ತಡೆಯದಿದ್ದರೆ ಗಂಟಲು ಕಟ್ಟಿ ರಕ್ತದೊತ್ತಡ ಕುಸಿಯಬಹುದು. ಈ ಸೂಜಿ ಹುಟ್ಟಿದ ದೇಶದಲ್ಲೇ ಆಮೇಲೆ ಅದು ಹೆಚ್ಚು ಕಮ್ಮಿ ನಿಂತೇಹೋಯ್ತು. ಅಮೆರಿಕದಲ್ಲಿ ನಿಲ್ಲಿಸಲಿಲ್ಲ, ಕಟ್ಟುಪಾಡು ಬಿಗಿ ಮಾಡಿದರು. ಅಲ್ಲಿನ ಲೆಕ್ಕದಲ್ಲಿ ಸುಮಾರು 25 ಲಕ್ಷ ಸೂಜಿಗೆ ಒಂದು ಸಾವು. ಸತ್ತವರಲ್ಲಿ ಹೆಚ್ಚಿನವರು ಆಸ್ತಮಾ ಹತೋಟಿಗೆ ಬರದೆ ಸೂಜಿ ತಗೊಂಡವರು.

ಅದಕ್ಕೇ ಹೊಳವನಹಳ್ಳಿಯ ಯಜಮಾನರಿಗೆ ನಾನು ಮೊದಲು ಹೇಳಿದ್ದು ಇದನ್ನೇ. ಮಗಳಿಗೆ ರಾತ್ರಿ ಎದೆ ಸುಯ್‌ಗುಟ್ಟುತ್ತೆ ಅಂದ್ರಲ್ಲ, ಅದನ್ನ ಆ ವೈದ್ಯರಿಗೆ ಬಾಯಿಬಿಟ್ಟು ಹೇಳಿದ್ದೀರಾ? ‘ಇಲ್ಲ ಸಾರ್, ಮೂಗಿಗೆ ಅಂತ ಹೋಗಿದ್ದು’ ಅಂದರು. ಮೊದಲು ಅದನ್ನ ಹೇಳಿ. ಎದೆ ಹತೋಟಿಗೆ ಬರಬೇಕು, ಆಮೇಲೆ ಸೂಜಿ. ಮನೆಯಲ್ಲಿ ದೊಡ್ಡವರು ಯಾರಾದರೂ ಈ ಚಿಕಿತ್ಸೆಗೆ ಹೊರಟಿದ್ದರೆ ಬಿಪಿಗೆ, ಹೃದಯಕ್ಕೆ ನುಂಗುವ ಮಾತ್ರೆಯ ಚೀಟಿಯನ್ನೂ ತೋರಿಸಿ. ಬೀಟಾ ಬ್ಲಾಕರ್ ಅನ್ನೋ ಗುಂಪಿನ ಮಾತ್ರೆ ತಗೊಳ್ತಿದ್ದರೆ, ತೊಂದರೆಯಾದಾಗ ಕೊಡುವ ಅಡ್ರಿನಲಿನ್ ಸರಿಯಾಗಿ ಹಿಡಿಯದೇ ಹೋಗಬಹುದು. ಬಸುರಿಯರಿಗೆ ಹೊಸದಾಗಿ ಶುರು ಮಾಡಲ್ಲ.

ಸರಿ, ಆ ಹುಡುಗಿಗೆ ಅಲರ್ಜಿ ಯಾವುದರದ್ದು? ಇದು ಗೊತ್ತಾಗದೆ ಸೂಜಿಗೆ ಅರ್ಥವಿಲ್ಲ. ಕೈ ಮೇಲೆ ಬೇರೆ ಬೇರೆ ವಸ್ತುವಿನ ಸಾರದ ಹನಿ ಇಟ್ಟು, ಸಣ್ಣ ಮೊನೆಯಿಂದ ಚುಚ್ಚಿ, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಯಾವುದು ಊದಿತು ಅಂತ ನೋಡ್ತಾರೆ. ಪರೀಕ್ಷೆಗೆ ಕೆಲವು ದಿನ ಮುಂಚೆಯೇ ಸೀನಿನ ಮಾತ್ರೆ ನಿಲ್ಲಿಸಬೇಕು, ಇಲ್ಲದಿದ್ದರೆ ಯಾವುದೂ ಊದಲ್ಲ, ದುಡ್ಡು ದಂಡ. ಆದರೆ ಊದಿದ್ದೆಲ್ಲ ರೋಗ ಅಲ್ಲ ಸ್ವಾಮಿ. ಕೈ ಮೇಲೆ ಹತ್ತು ಊದಬಹುದು, ನಿಜವಾಗಿ ಕಾಡೋದು ಒಂದೋ ಎರಡೋ. ಹತ್ತನ್ನೂ ಒಂದೇ ಸೀಸೆಗೆ ಹಾಕಿ ಮೂರು ವರ್ಷ ಚುಚ್ಚುತ್ತೀವಿ ಅಂದ್ರೆ, ಯಾವುದೂ ಬೇಕಾದ ಅಳತೆಯಲ್ಲಿ ಇರಲ್ಲ. ಸೀಸೆಯಲ್ಲಿ ಏನಿದೆ, ಯಾಕಿದೆ ಅಂತ ಕೇಳೋ ಹಕ್ಕು ನಿಮಗಿದೆ, ಕೇಳಿ.

ಸೀಸೆಯಲ್ಲಿ ಏನಿದೆ ಅನ್ನೋದು ಎಷ್ಟು ದೊಡ್ಡ ಪ್ರಶ್ನೆ ಅನ್ನೋದಕ್ಕೆ ಒಂದು ಜೇನಿನ ಕತೆ. ಹೊಳವನಹಳ್ಳಿ ಪಕ್ಕದ ತಾಲ್ಲೂಕು ಮಧುಗಿರಿ, ಹೆಸರಲ್ಲೇ ಜೇನಿದೆ. ಜೇನು, ಕಣಜ ಒಂದೇ ಒಂದು ಕಚ್ಚಿದರೂ ಮೈಯೆಲ್ಲ ದದ್ದು ಎದ್ದು ಪ್ರಜ್ಞೆ ತಪ್ಪುವವರು ಇದ್ದಾರೆ. ಅಂಥವರಿಗೆ ಅಮೆರಿಕದಲ್ಲಿ ದಶಕಗಟ್ಟಲೆ ಇಡೀ ಹುಳುವನ್ನೇ ಅರೆದು ತೆಗೆದ ಸಾರ ಚುಚ್ಚುತ್ತಿದ್ದರು. 1978ರಲ್ಲಿ ಬಾಲ್ಟಿಮೋರಿನ ವೈದ್ಯರು ಮೂರು ಗುಂಪು ಮಾಡಿದರು. ಒಂದಕ್ಕೆ ಶುದ್ಧ ವಿಷದ ಸೂಜಿ, ಒಂದಕ್ಕೆ ಅರೆದ ಹುಳುವಿನ ಸಾರ, ಇನ್ನೊಂದಕ್ಕೆ ಔಷಧವೇ ಇಲ್ಲದ ಸೂಜಿ. ಆಮೇಲೆ ಆಸ್ಪತ್ರೆಯಲ್ಲೇ ಹುಳು ಕಚ್ಚಿಸಿ ನೋಡಿದರು. ವಿಷದ ಸೂಜಿ ಪಡೆದ 18 ಮಂದಿಯಲ್ಲಿ ಒಬ್ಬರಿಗೆ ಮಾತ್ರ ತೊಂದರೆಯಾಯ್ತು. ಅರೆದ ಸಾರ ಪಡೆದ 11ರಲ್ಲಿ 7 ಮಂದಿಗೆ, ಔಷಧವೇ ಇಲ್ಲದ ಸೂಜಿ ಪಡೆದ 12ರಲ್ಲೂ 7 ಮಂದಿಗೆ! ಅಷ್ಟು ವರ್ಷ ಕೊಟ್ಟ ಸೂಜಿ ನೀರಿಗೆ ಸಮ. ಇವತ್ತು ಜೇನಿನ ವಿಷದ ಇಮ್ಯುನೋಥೆರಪಿ ಹತ್ತರಲ್ಲಿ ಸುಮಾರು ಎಂಟು ಜನರನ್ನ ಕಾಯುತ್ತೆ. ಆದರೆ ಅದು ಸಾಕು ಜೇನಿನ ಮಾತು, ನಮ್ಮ ಬಂಡೆಗಳಲ್ಲಿ ಕಟ್ಟುವ ಹೆಜ್ಜೇನು ಬೇರೆ ಜಾತಿ. ನೂರಾರು ಹೆಜ್ಜೇನು ಒಟ್ಟಿಗೆ ಎರಗಿದರೆ ಅದು ಅಲರ್ಜಿಯೇ ಅಲ್ಲ, ನೇರ ವಿಷ. ಆಗ ಮಾಡಬೇಕಾದ್ದು ಒಂದೇ, ಆಸ್ಪತ್ರೆಗೆ ಓಡೋದು.

ಈಗ ಹೊಳವನಹಳ್ಳಿಯ ಬದುಗಳಿಗೆ ಬರೋಣ. ಅಲ್ಲಿ ಏನಿದೆ? ನಮ್ಮ ರಾಜ್ಯದ ಎಲ್ಲ ಬದುಗಳಲ್ಲಿ ಇರೋದೇ. ಕಾಂಗ್ರೆಸ್ ಗಿಡ. (ಪಕ್ಷದವರು ಬೇಸರ ಮಾಡ್ಕೋಬೇಡಿ, ಹೆಸರಿಟ್ಟಿದ್ದು ಜನ.) ಪಾರ್ಥೇನಿಯಂ ಅಂತ ಅದರ ನಿಜ ಹೆಸರು. ಅಮೆರಿಕ ಖಂಡದ ಕಳೆ. 1955ರ ಹೊತ್ತಿಗೆ ಪುಣೆಯಲ್ಲಿ ಕಾಣಿಸಿಕೊಂಡಿತು, ಆಮದು ಗೋಧಿಯ ಜೊತೆ ಬಂದಿರಬೇಕು ಅಂತಾರೆ. 1975ರಲ್ಲಿ ಕರ್ನಾಟಕ ಸರ್ಕಾರ ಇದನ್ನ ಹಾನಿಕಾರಕ ಕಳೆ ಅಂತ ಕಾನೂನಿನಲ್ಲೇ ಘೋಷಿಸಿತು. ಅದನ್ನ ತಿನ್ನಿಸೋಕೆ ಮೆಕ್ಸಿಕೋದಿಂದ ದುಂಬಿ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ದುಂಬಿ ತಿಂತು, ಗಿಡ ಮತ್ತೆ ಬೆಳೀತು. ಕಾನೂನು ಇದೆ, ಗಿಡವೂ ಇದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಈ ಗಿಡದ ಪರಾಗದ ಹಿಂದೆ ವರ್ಷಗಟ್ಟಲೆ ಬಿದ್ದರು. ಬೆಂಗಳೂರು ಮತ್ತು ಸುತ್ತಮುತ್ತ ನೂರಕ್ಕೆ 7 ಮಂದಿಗೆ ಇದರಿಂದಲೇ ಮೂಗಿನ ಅಲರ್ಜಿ ಅಂತ 1991ರಲ್ಲಿ ಪ್ರಕಟಿಸಿದರು. ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು ಇಪ್ಪತ್ತು ಸಾವಿರ ಮಕ್ಕಳನ್ನ ಗಮನಿಸಿ ಕೊಟ್ಟ ಲೆಕ್ಕವೂ ನೆನಪಿರಲಿ. 1979ರಲ್ಲಿ ನೂರರಲ್ಲಿ 9 ಮಕ್ಕಳಿಗಿದ್ದ ಆಸ್ತಮಾ 1999ಕ್ಕೆ 29.5ಕ್ಕೆ ಏರಿತ್ತು. ಅದಕ್ಕೆ ಹೊಗೆ, ವಾಹನ ಎಲ್ಲ ಕಾರಣ, ಗಿಡವೊಂದರ ತಲೆಗೇ ಕಟ್ಟೋದು ಬೇಡ.

ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಕಾಂಗ್ರೆಸ್ ಗಿಡ ಎರಡು ಥರ ಕಾಡುತ್ತೆ. ಪರಾಗ ಮೂಗಿಗೆ ಹೋಗಿ ಸೀನು ಬರೋದು ಒಂದು. ಅದು ಐಜಿಇ ಕೆಲಸ, ಇಮ್ಯುನೋಥೆರಪಿಯ ದಾರಿಗೆ ಬರುತ್ತೆ. ಕಳೆ ಕೀಳೋ ರೈತರಿಗೆ ಮುಖ, ಕತ್ತು, ಮೊಣಕೈ ಮಡಿಕೆಯಲ್ಲಿ ಚರ್ಮ ದಪ್ಪಗಾಗಿ, ಕಪ್ಪಾಗಿ, ರಾತ್ರಿಯೆಲ್ಲ ತುರಿಸೋದು ಇನ್ನೊಂದು. ಅದು ಗಿಡದಲ್ಲಿರುವ ಪಾರ್ಥೆನಿನ್ ಅನ್ನೋ ರಾಸಾಯನಿಕದ ಕೆಲಸ, ಅಲ್ಲಿ ಐಜಿಇ ಪಾತ್ರ ಇಲ್ಲ. ಈ ಸೂಜಿ ಅದಕ್ಕಲ್ಲ. ಮಣಿಪಾಲದ ವೈದ್ಯರು ಗಿಡದ ಸಾರವನ್ನೇ ಸ್ವಲ್ಪ ಸ್ವಲ್ಪ ಬಾಯಿಗೆ ಕೊಟ್ಟು ನೋಡಿ 1988ರಲ್ಲಿ ವರದಿ ಮಾಡಿದ್ದಾರೆ, ಆಮೇಲೆ ಚಂಡೀಗಢದಲ್ಲೂ ಪ್ರಯತ್ನ ಆಗಿದೆ. ಅದಿನ್ನೂ ಎಲ್ಲ ಕಡೆ ಸಿಗುವ ಚಿಕಿತ್ಸೆಯಾಗಿಲ್ಲ. ಹಾಗಂತ ಮನೆಯಲ್ಲಿ ಯಾರೂ ಆ ಸೊಪ್ಪು ಅರೆದು ಕುಡೀಬೇಡಿ. ನಮ್ಮ ಜನ ಮಾಡಿಬಿಡ್ತಾರೆ, ಅದಕ್ಕೇ ಹೇಳ್ತಿದ್ದೀನಿ.

ಇದೇ ಎಚ್ಚರಿಕೆ ಕಡ್ಲೆಕಾಯಿಗೂ. ಪಾವಗಡ, ಶಿರಾ, ಮಧುಗಿರಿ ಅಂದ್ರೆ ಕಡ್ಲೆಕಾಯಿ ಸೀಮೆ. ಅಮೆರಿಕದಲ್ಲಿ ಕಡ್ಲೆಕಾಯಿ ಅಲರ್ಜಿ ಇರುವ ಮಕ್ಕಳಿಗೆ ಕಡ್ಲೆಕಾಯಿ ಹಿಟ್ಟನ್ನೇ ಮಿಲಿಗ್ರಾಂ ಲೆಕ್ಕದಲ್ಲಿ ತಿನ್ನಿಸುವ ಔಷಧಕ್ಕೆ 2020ರ ಜನವರಿಯಲ್ಲಿ ಅನುಮತಿ ಕೊಟ್ಟರು. ಉದ್ದೇಶ ಹೊಟ್ಟೆ ತುಂಬ ತಿನ್ನಲಿ ಅಂತಲ್ಲ. ತಪ್ಪಿ ಒಂದು ಚೂರು ಬಾಯಿಗೆ ಹೋದರೆ ಜೀವ ಹೋಗದಿರಲಿ ಅಂತ. ಅದೂ ವೈದ್ಯರ ಉಸ್ತುವಾರಿಯಲ್ಲಿ.

ಈಗ ಲೆಕ್ಕ. ಮೊದಲ ನಾಲ್ಕೈದು ತಿಂಗಳು ವಾರಕ್ಕೊಂದು ಸೂಜಿ, ಇಪ್ಪತ್ತು ಅಂತಿಟ್ಟುಕೊಳ್ಳಿ. ಆಮೇಲೆ ತಿಂಗಳಿಗೊಂದರಂತೆ ಮೂರು ವರ್ಷ ತುಂಬೋವರೆಗೆ ಮೂವತ್ತು ಚಿಲ್ಲರೆ. ಒಟ್ಟು ಐವತ್ತು. ಹೊಳವನಹಳ್ಳಿಯಿಂದ ಕೊರಟಗೆರೆಗೆ ಒಂದು ಬಸ್ಸು, ಅಲ್ಲಿಂದ ತುಮಕೂರಿಗೆ ಇನ್ನೊಂದು. ಐವತ್ತು ದಿನ ಮಗಳಿಗೆ ಸ್ಕೂಲ್ ಇಲ್ಲ, ಅಪ್ಪನಿಗೆ ಕೆಲಸ ಇಲ್ಲ. ಸೀಸೆಯ ದುಡ್ಡಿಗಿಂತ ಇದೇ ಭಾರ. ಇದನ್ನ ಯಾವ ಆರೋಗ್ಯ ಕಾರ್ಯಕ್ರಮದಲ್ಲೂ ನಾವು ಹೇಳಲ್ಲ. ಸರ್ಕಾರಿ ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಅಲರ್ಜಿ ಕ್ಲಿನಿಕ್ ಮಾಡಿ, ತುಮಕೂರಿನ ತಜ್ಞರು ಅಳತೆ ಬರೆದುಕೊಟ್ಟ ಸೂಜಿಯನ್ನ ಅಲ್ಲೇ ಹಾಕುವ ಹಾಗಾದರೆ ಬಸ್ಸಿನ ಅರ್ಧ ದಾರಿ ಉಳಿಯುತ್ತೆ. ಬೇಕಾಗೋದು ತಿಳಿದ ವೈದ್ಯರು, ಫ್ರಿಜ್ಜು, ಆಕ್ಸಿಜನ್ನು, ಅಡ್ರಿನಲಿನ್. ಆರೋಗ್ಯ ಸಚಿವರು ನೋಡ್ತಿದ್ದರೆ ಯೋಚನೆ ಮಾಡಲಿ.

ಇನ್ನೊಂದು ದಾರಿಯೂ ಇದೆ. ನಾಲಿಗೆ ಕೆಳಗೆ ಹಾಕಿಕೊಳ್ಳುವ ಹನಿ ಅಥವಾ ಮಾತ್ರೆ. ಮೊದಲ ಸಲ ವೈದ್ಯರ ಎದುರಿಗೆ, ಆಮೇಲೆ ದಿನಾ ಮನೆಯಲ್ಲೇ. ಸೂಜಿಗಿಂತ ಅಪಾಯ ಕಡಿಮೆ. ಆದರೆ ದಿನಾ ಅಂದ್ರೆ ದಿನಾ. ಜಾತ್ರೆಗೆ ಹೋದೆ, ಮರೆತೆ ಅಂದ್ರೆ ಆಗಲ್ಲ. ಸೂಜಿಯೋ ಹನಿಯೋ, ಧೂಳುನುಸಿ, ಪರಾಗದಂಥ ಅಲರ್ಜಿಗೆ ಮಾತ್ರ ಇದು ಚೆನ್ನಾಗಿ ಹಿಡಿಯೋದು. ಎಲ್ಲರಿಗೂ ಪೂರ್ತಿ ಗುಣ ಆಗಲ್ಲ. ಸೀನು ಕಡಿಮೆಯಾಗುತ್ತೆ, ಮಾತ್ರೆ ಕಡಿಮೆಯಾಗುತ್ತೆ. ವರ್ಷ ಕಳೆದರೂ ಒಂದಿಷ್ಟೂ ಗುಣ ಕಾಣದಿದ್ದರೆ ಮುಂದುವರಿಸಬೇಕಾ ಅಂತ ವೈದ್ಯರ ಜೊತೆ ಕೂತು ಮಾತಾಡಬೇಕು.

ಮೂರು ವರ್ಷ ಯಾರು ಕಾಯ್ತಾರೆ ಅಂತೀರಾ? ಮೃಗಶಿರಾ ಮಳೆ ಹುಟ್ಟೋ ದಿನ ಹೈದರಾಬಾದಿಗೆ ಹೋಗಿ ಆಸ್ತಮಾಗೆ ಮೀನಿನ ಔಷಧ ನುಂಗಿ ಬರುವವರು ನಮ್ಮಲ್ಲಿ ಎಷ್ಟಿಲ್ಲ? ಅದನ್ನೂ ಸತತ ಮೂರು ವರ್ಷ ತಗೋಬೇಕು. ತಗೊಳ್ತಾರೆ. ನಮ್ಮ ಜನಕ್ಕೆ ತಾಳ್ಮೆ ಇಲ್ಲ ಅನ್ನೋ ಮಾತನ್ನ ನಾನು ಒಪ್ಪಲ್ಲ. ಯಾಕೆ ಕಾಯಬೇಕು ಅಂತ ಕೂರಿಸಿಕೊಂಡು ಹೇಳುವವರು ಇಲ್ಲ.

ಇಷ್ಟನ್ನೂ ನಿನ್ನೆ ಫೋನಿನಲ್ಲಿ ಆ ರೈತರಿಗೆ ಹೇಳಿದೆ. ಸಮಾಧಾನವಾಗಿ ಕೇಳಿಸಿಕೊಂಡರು. ಇನ್ನೂರು ರೂಪಾಯಿ ಸೂಜಿ ನಿಲ್ಲಿಸ್ತೀನಿ, ಎದೆ ವಿಷಯ ಡಾಕ್ಟ್ರಿಗೆ ಹೇಳ್ತೀನಿ, ನಾಲಿಗೆ ಕೆಳಗಿನ ಹನಿ ನಮ್ ಹುಡುಗಿಗೆ ಆಗ್ತದಾ ಅಂತ ಕೇಳ್ತೀನಿ ಅಂದರು. ಕೊನೆಗೆ ನಾನು ಇನ್ನೊಂದು ಮಾತು ಸೇರಿಸಿದೆ. ಸೂಜಿಯೇ ಆದರೆ, ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಬೇಕು, ಏನಾದರೂ ಆದರೆ ಹೆಚ್ಚಾಗಿ ಆ ಅರ್ಧ ಗಂಟೆಯಲ್ಲೇ ಆಗೋದು.

‘ಅರ್ಧ ಗಂಟೆ ಕೂತ್ರೆ ನಮ್ ಬಸ್ಸು ಹೊಂಟೋಯ್ತದೆ ಸಾರ್’ ಅಂದರು.

ಹೋದರೆ ಹೋಗಲಿ ಯಜಮಾನ್ರೇ, ಮುಂದಿನ ಬಸ್ಸಿಗೆ ಬನ್ನಿ ಅಂದೆ. ಮುಂದಿನದು ಎಷ್ಟು ಗಂಟೆಗೆ ಅಂತ ಅವರು ಹೆಂಡತಿಯನ್ನ ಕೂಗಿ ಕೇಳುತ್ತಿದ್ದುದು ಫೋನಿನಲ್ಲಿ ಕೇಳಿಸ್ತು.